ಭಾವನ ಬೆನ್ನು

ಮೂವರು ಅಕ್ಕತಂಗಿಯರದೂ ಅಮ್ಮನ ಚರ್ಮ. ಬಿಸಿಲು ಬಿದ್ದರೆ ಬೇರೆಯವರಂತೆ ಕಪ್ಪಾಗುವುದಿಲ್ಲ, ನೇರವಾಗಿ ಕೆಂಪಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ನರ್ಸ್ ಆಗಿದ್ದ ಅಮ್ಮ ಮಕ್ಕಳನ್ನು ಬೆಳೆಸಿದ್ದೇ ಇದನ್ನು ಲೆಕ್ಕಕ್ಕೆ ಇಟ್ಟುಕೊಂಡು. ಬೆಳಿಗ್ಗೆ ಎಂಟರೊಳಗೆ ಅಂಗಳದಲ್ಲಿ ಹತ್ತು ನಿಮಿಷ ಕೈಕಾಲು ಬಿಟ್ಟುಕೊಂಡು ಕೂರಬೇಕು, ಅಷ್ಟು ಬಿಸಿಲು ಮೂಳೆಗೆ ಸಾಕು. ನಿನ್ನ ನೆರಳು ನಿನಗಿಂತ ಗಿಡ್ಡವಾಯಿತೆಂದರೆ ಒಳಗೆ ಬಾ. ಬರಲಾಗದಿದ್ದರೆ ಉದ್ದ ತೋಳು, ಅಗಲ ಟೋಪಿ. ಇಷ್ಟೇ ಅಮ್ಮನ ಔಷಧ.

ದೊಡ್ಡವಳು ಮದುವೆಯಾಗಿ ಹೋದಳು. ನಡುವಿನವಳು ಕ್ಯಾನ್ವಾಸ್ ಹೊಲಿಯುವ ಅಂಗಡಿ ಇಟ್ಟಳು. ಅಂಗಡಿಗಳ ಮುಂದೆ ಇಳಿಬಿಡುವ ನೆರಳು ಬಟ್ಟೆ, ಲಾರಿಗೆ ಹೊದಿಸುವ ಟಾರ್ಪಾಲು, ದೋಣಿಯ ಹೊದಿಕೆ, ಎಲ್ಲ ಅವಳೇ ಕತ್ತರಿಸಿ ಹೊಲಿಯುವಳು. ಕೈಯಲ್ಲಿ ಸದಾ ಮೊಳದುದ್ದದ ಕತ್ತರಿ, ಬಾಯಲ್ಲಿ ಅದಕ್ಕಿಂತ ಹರಿತವಾದದ್ದು. ಹಾಗಾಗಿ ಮನೆಯವರಿಗೂ ಬೀದಿಯವರಿಗೂ ಅವಳು ಕತ್ತರಿ. ಕೊನೆಯವಳು ನಡೆಯುವುದಕ್ಕಿಂತ ಮೊದಲು ಈಜಿದವಳು. ಅವಳು ಮೀನು. ಊರಿನ ಬಯಲು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಕತ್ತರಿಯೂ ಮೀನೂ ಒಂದೇ ಮನೆಯಲ್ಲಿದ್ದರು.

ಅಕ್ಕನ ಗಂಡ ಮೊದಲು ಬಣ್ಣದ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದವನು. ಆಮೇಲೆ ಒಂದು ದಿನ ಜ್ಞಾನೋದಯವಾದವನಂತೆ ಎಣ್ಣೆ ತಯಾರಿಸತೊಡಗಿದ. ಯಾವ್ಯಾವುದೋ ಬೀಜಗಳನ್ನು ಹಿಂಡಿ, ಕಂದು ಬಣ್ಣದ ಸೀಸೆಗೆ ತುಂಬಿ, ಬಿಳಿ ಚರ್ಮದವರಿಗೆ ಇದೇ ಪ್ರಕೃತಿ ಕೊಟ್ಟ ಕವಚ ಎಂದು ಹೇಳುತ್ತಿದ್ದ. ಬಟ್ಟೆ, ಟೋಪಿ, ನೆರಳು ಇವೆಲ್ಲ ಹೆದರುಪುಕ್ಕಲರ ಕೆಲಸವಂತೆ. ಚರ್ಮಕ್ಕೆ ಬಿಸಿಲಿನ ಅಭ್ಯಾಸ ಮಾಡಿಸಬೇಕಂತೆ. ಮಾತಿನಲ್ಲಿ ಅವನದು ಎತ್ತಿದ ಕೈ. ಅದಕ್ಕಿಂತ ಹೆಚ್ಚಾಗಿ ಅವನ ಮೈಯೇ ಅವನ ಜಾಹೀರಾತಾಗಿತ್ತು. ಅವನದೂ ಈ ಅಕ್ಕತಂಗಿಯರಂಥದೇ ತಿಳಿ ಚರ್ಮ. ಆದರೂ ನಡುಮಧ್ಯಾಹ್ನ ಉದ್ಯಾನದ ಬೆಂಚಿನ ಮೇಲೆ ಅಂಗಿ ಬಿಚ್ಚಿ ಕೂತು ಪತ್ರಿಕೆ ಓದುತ್ತಿದ್ದ, ಒಂದು ಚುಕ್ಕೆಯೂ ಕೆಂಪಾಗುತ್ತಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಜನ ನಂಬದೆ ಇನ್ನೇನು ನಂಬಿಯಾರು?

ಮೀನುವೂ ನಂಬಿದಳು. ಕೊಳದಲ್ಲಿ ತೊಡುತ್ತಿದ್ದ ಉದ್ದ ತೋಳಿನ ಈಜುಡುಗೆಯನ್ನು ಭಾವನ ಮಾತು ಕೇಳಿ ಕಪಾಟಿಗೆ ಸೇರಿಸಿದಳು. ಎಣ್ಣೆ ಹಚ್ಚಿಕೊಂಡು ನಿಂತಳು. ಮೊದಲ ವಾರ ಭುಜ ಕೆಂಪಾದಾಗ, ಚರ್ಮ ಪಾಠ ಕಲಿಯುತ್ತಿದೆ, ಬಿಡಬೇಡ ಎಂದ ಭಾವ. ಕತ್ತರಿ ಬಾಯಿ ನೋಯುವಷ್ಟು ಹೇಳಿ ನೋಡಿದಳು. ಮೀನು ನಕ್ಕುಬಿಟ್ಟಳು. ಮೂರನೆಯ ವಾರ ಮಕ್ಕಳ ಸ್ಪರ್ಧೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಕೊಳದ ದಂಡೆಯಲ್ಲಿ ನಿಂತಳು. ಸಂಜೆಗೆ ಬೆನ್ನಿನ ತುಂಬ ಬೊಬ್ಬೆ, ಮೈ ಕೆಂಡ, ಮಾತು ತಡವರಿಸುತ್ತಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಬೋರಲು ಮಲಗಿದಳು. ಕತ್ತರಿ ಪಕ್ಕದಲ್ಲಿ ಕೂತು, ಹಾಳೆಯಂತೆ ಎದ್ದು ಬರುತ್ತಿದ್ದ ತಂಗಿಯ ಚರ್ಮವನ್ನು ನೋಡುತ್ತ ಹಲ್ಲು ಕಚ್ಚಿಕೊಂಡಿದ್ದಳು.

ಚರ್ಮದ ಡಾಕ್ಟರಮ್ಮ ಸೀಸೆಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ಬೀಜದ ಎಣ್ಣೆ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ; ಬಿಸಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ ಎಂದರು. ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಬಂದು ಮಚ್ಚೆಗಳನ್ನು ತೋರಿಸಬೇಕು, ಬದುಕಿರುವಷ್ಟು ಕಾಲವೂ ಎಂದರು. ಕೊಳದವರು ಆ ಬೇಸಿಗೆಗೆ ಬೇರೆ ಶಿಕ್ಷಕನನ್ನು ಇಟ್ಟುಕೊಂಡು ಮೀನುವನ್ನು ಟಿಕೆಟ್ ಕಿಟಕಿಯ ಹಿಂದೆ ಕೂರಿಸಿದರು. ನೀರಿನ ಸದ್ದು ಕೇಳುತ್ತ, ನೀರು ಕಾಣದ ಜಾಗದಲ್ಲಿ ಅವಳು ಚೀಟಿ ಹರಿದು ಕೊಡುತ್ತಿದ್ದಳು.

ಇಷ್ಟಾದರೂ ಕತ್ತರಿ ಸೇಡಿನ ಮಾತು ಯೋಚಿಸಿರಲಿಲ್ಲ. ಭಾವ ಮೂರ್ಖ, ತಾನು ಹೇಳಿದ್ದನ್ನು ತಾನೇ ನಂಬಿದವನು, ಒಂದು ದಿನ ಬಂದು ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದಳು. ಅವನು ಬರಲಿಲ್ಲ. ತಿಂಗಳು ಕಳೆದ ಮೇಲೆ ಊರಿನ ಸಭಾಂಗಣದಲ್ಲಿ ಅವನ ಭಾಷಣವಿತ್ತು. ಕೆಲಸ ಮುಗಿಸಿ ಆ ದಾರಿಯಲ್ಲಿ ಬಂದ ಕತ್ತರಿ ಹಿಂದಿನ ಸಾಲಿನಲ್ಲಿ ಹೋಗಿ ನಿಂತಳು. ಯಾರೋ ಎದ್ದು, ಈ ಎಣ್ಣೆಯಿಂದ ಯಾರಿಗೋ ಸುಟ್ಟಿತಂತಲ್ಲ ಎಂದು ಕೇಳಿದರು.

“ನಮ್ಮ ಮನೇದೇ ಉದಾಹರಣೆ ಹೇಳ್ತೀನಿ,” ಎಂದ ಭಾವ, ಮುಗುಳ್ನಗುತ್ತ. “ನನ್ನ ಕೊನೇ ನಾದಿನಿ. ಸೋಮಾರಿ. ಒಂದು ದಿನ ಹಚ್ಚಿದ್ರೆ ನಾಲ್ಕು ದಿನ ಹಚ್ಚಲ್ಲ. ನಂಬಿಕೆ ಇಲ್ಲದವರ ಮೈಯಲ್ಲಿ ಎಣ್ಣೆ ಏನು ಮಾಡೀತು?”

ಸಭೆ ನಕ್ಕಿತು. ಕತ್ತರಿ ನಗುವವರ ಮುಖಗಳನ್ನು ಒಂದೊಂದಾಗಿ ನೋಡಿ ಹೊರಗೆ ಬಂದಳು. ಆ ದಿನದಿಂದ ಅವಳ ಹೊಟ್ಟೆಯಲ್ಲಿ ಕೆಂಡ ಕೂತಿತು. ಉಣ್ಣುವಾಗ, ಹೊಲಿಯುವಾಗ, ಗಿರಾಕಿಯೊಂದಿಗೆ ಅಳತೆ ಮಾತಾಡುವಾಗ, ಎಲ್ಲ ಹೊತ್ತಿನಲ್ಲೂ ಅವಳು ಭಾವನನ್ನು ಏನು ಮಾಡಲಿ ಎಂದೇ ಯೋಚಿಸುತ್ತಿದ್ದಳು. ದಾರಿ ಹೊಳೆಯಲಿಲ್ಲ. ದಾರಿಯನ್ನು ಅಕ್ಕ ತಂದುಕೊಟ್ಟಳು.

ಒಂದು ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದವಳೇ ಬಾಗಿಲು ಮುಂದಕ್ಕೆ ತಳ್ಳಿ, ಸೆರಗಿನಿಂದ ಒಂದು ತಗಡಿನ ಟ್ಯೂಬು ತೆಗೆದು ಮೇಜಿನ ಮೇಲಿಟ್ಟಳು. ಔಷಧ ಅಂಗಡಿಯಲ್ಲಿ ಸಿಗುವ, ಬಿಸಿಲು ತಡೆಯುವ ಕ್ರೀಮು, ಎಲ್ಲಕ್ಕಿಂತ ಗಟ್ಟಿ ಬಗೆಯದು. ಅರ್ಧ ಖಾಲಿಯಾಗಿತ್ತು.

“ಇದು ನಿಮ್ಮ ಭಾವಂದು,” ಎಂದಳು. “ಮೂರು ವರ್ಷದಿಂದ ಹಚ್ಕೋತಿದ್ದಾರೆ. ಬೆನ್ನಿಗೆ ಕೈ ಎಟುಕಲ್ಲ ಅಂತ ನಾನೇ ಹಚ್ತೀನಿ.”

ಕತ್ತರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹಿಡಿದುಕೊಂಡಿರುವುದು ಒಳ್ಳೆಯದಲ್ಲ ಅನ್ನಿಸಿತು.

“ನಿನಗೆ ಗೊತ್ತಿತ್ತು. ಮೀನು ಅಲ್ಲಿ ಬೋರಲು ಮಲಗಿದ್ದಾಗಲೂ ಗೊತ್ತಿತ್ತು.”

“ನನ್ನ ಚರ್ಮ ಎಲ್ಲರಿಗಿಂತ ಸೂಕ್ಷ್ಮ, ನನಗೊಬ್ಬನಿಗೆ ಇದು ಬೇಕು, ಉಳಿದವರಿಗೆ ಎಣ್ಣೆ ಸಾಕು ಅಂದ್ರು. ನಂಬಿದೆ.” ಅಕ್ಕ ಕುರ್ಚಿಯ ಮೇಲೆ ಕೂತಳು. “ನಂಬೋದು ಸುಲಭವಾಗಿತ್ತು ಕಣೇ. ಇಲ್ಲದಿದ್ರೆ ಅವರ ಜತೆ ಜಗಳ ಆಡಬೇಕಾಗ್ತಿತ್ತು. ಮೀನು ಸೋಮಾರಿ ಅಂದಿದ್ದನ್ನ ಮಾತ್ರ ನಂಬೋಕಾಗ್ಲಿಲ್ಲ.”

ಕತ್ತರಿ ಅಕ್ಕನನ್ನು ಬೈದಳು. ಇಪ್ಪತ್ತು ವರ್ಷಗಳಲ್ಲಿ ಬೈಯದೆ ಉಳಿಸಿಕೊಂಡಿದ್ದನ್ನೂ ಸೇರಿಸಿ ಬೈದಳು. ಎಲ್ಲ ಮುಗಿದ ಮೇಲೆ ಅಕ್ಕ, ಮುಂದಿನ ಭಾನುವಾರ ಮೈದಾನದಲ್ಲಿ ಸಭೆ ಇದೆ ಎಂದಳು. ಭಾವ ಅಂಗಿ ಬಿಚ್ಚಿ ಹನ್ನೊಂದರಿಂದ ಎರಡರವರೆಗೆ ಬಿಸಿಲಲ್ಲಿ ಕೂತು ಊರಿಗೇ ತೋರಿಸುತ್ತಾನೆ. ಹೋಗುವ ಮೊದಲು ಮೈಗೆ ಕ್ರೀಮು ಹಚ್ಚುವವಳು ತಾನು. ಅಷ್ಟು ಹೇಳಿ ಅಕ್ಕ ತಂಗಿಯ ಮುಖವನ್ನೇ ನೋಡಿದಳು. ಕತ್ತರಿ ಟ್ಯೂಬನ್ನು ಕೈಗೆತ್ತಿಕೊಂಡಳು.

ಟಾರ್ಪಾಲಿಗೆ ಹಿತ್ತಾಳೆಯ ಕಣ್ಣು ಕೂರಿಸುವ ಇಕ್ಕಳದಿಂದ ಟ್ಯೂಬಿನ ಬಾಲದ ಮಡಿಕೆ ಬಿಡಿಸಿದಳು. ಒಳಗಿದ್ದುದನ್ನು ಹಿಂಡಿ ತೆಗೆದಳು. ಬಿಸಿನೀರಿನಲ್ಲಿ ತೊಳೆದಳು. ಒಡೆದ ಕೈಗೆ ತಾನು ಹಚ್ಚಿಕೊಳ್ಳುವ ಸಾದಾ ಬಿಳಿ ಕ್ರೀಮನ್ನು ಚಮಚದಲ್ಲಿ ತುಂಬಿ, ಮತ್ತೆ ಮಡಿಚಿ ಒತ್ತಿದಳು. ಬಣ್ಣ ಅದೇ, ದಪ್ಪ ಅದೇ. ಇಷ್ಟು ಅಚ್ಚುಕಟ್ಟಾಗಿ ಅವಳು ಯಾವ ಗಿರಾಕಿಗೂ ಕೆಲಸ ಮಾಡಿಕೊಟ್ಟಿರಲಿಲ್ಲ. ಅಕ್ಕತಂಗಿಯರು ಒಂದು ಮಾತನ್ನು ಗಟ್ಟಿಮಾಡಿಕೊಂಡರು, ಇದು ಮೀನುವಿಗೆ ತಿಳಿಯಬಾರದು. ತಿಳಿದರೆ ಬೇಡ ಎಂದಾಳು ಎಂಬ ಹೆದರಿಕೆ.

ಸಭೆಗೆ ಬರುವ ಜನರದೊಂದು ಚಿಂತೆ ಉಳಿದಿತ್ತು. ಭಾವನ ಮಾತಿಗೆ ಮರುಳಾಗಿ ಅವರೂ ಮೂರು ಗಂಟೆ ಬೇಯುವುದು ಬೇಡವಾಗಿತ್ತು ಕತ್ತರಿಗೆ. ಅವನ ಬಳಿ ಹೋಗಿ ನಯವಾಗಿ ಮಾತಾಡಿದಳು: ವಯಸ್ಸಾದವರು, ಮಕ್ಕಳು ಬರುತ್ತಾರೆ, ಯಾರಾದರೂ ತಲೆಸುತ್ತಿ ಬಿದ್ದರೆ ನಿಮಗೇ ಕೆಟ್ಟ ಹೆಸರು, ಜನರ ಮೇಲೆ ನಾನು ನೆರಳು ಕಟ್ಟಿಕೊಡುತ್ತೇನೆ, ಬಿಸಿಲಲ್ಲಿ ನೀವೊಬ್ಬರೇ ಇದ್ದರೆ ನೋಡುವುದಕ್ಕೂ ಚೆಂದ. ಕೊನೆಯ ಮಾತು ಭಾವನಿಗೆ ಬಹಳ ಹಿಡಿಸಿತು. ಕೊನೆಗೂ ನಿನಗೆ ಬುದ್ಧಿ ಬಂತು ಎಂದು ಅವಳ ತಲೆ ಸವರಿದ. ಕತ್ತರಿ ತಲೆ ಬಗ್ಗಿಸಿ ಸವರಿಸಿಕೊಂಡಳು.

ಭಾನುವಾರ ಒಂದು ತುಣುಕು ಮೋಡವೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಕತ್ತರಿಯ ಹಸಿರು ಬಟ್ಟೆಯ ಕೆಳಗೆ ತಣ್ಣಗೆ ಕೂತರು. ಎದುರಿಗೆ, ಬಯಲಲ್ಲಿ, ಒಂದೇ ಒಂದು ಕುರ್ಚಿ. ಭಾವ ಅಂಗಿ ಬಿಚ್ಚಿ ಅದರ ತೋಳಿಗೆ ತೂಗುಹಾಕಿದ. ಮನೆಯಲ್ಲಿ ಹೆಂಡತಿ ಮುಖದಿಂದ ಸೊಂಟದವರೆಗೆ ಎರಡೆರಡು ಸಲ ಹಚ್ಚಿ ಕಳಿಸಿದ್ದಳು, ಹಾಗಾಗಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಎಲ್ಲರೂ ನೋಡುವಂತೆ ಸೀಸೆಯ ಎಣ್ಣೆಯನ್ನೂ ಮೈಗೆ ಸವರಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಜನರಿಗೂ ಅದು ಕಾಣುವಂತೆ ಕುರ್ಚಿಯಲ್ಲಿ ಓರೆಯಾಗಿ ಕೂತು ಮಾತು ಶುರುಮಾಡಿದ.

ಕತ್ತರಿ ಮೊದಲ ಸಾಲಿನ ತುದಿಯಲ್ಲಿ ಕೂತಿದ್ದಳು. ಮೈಯೆಲ್ಲ ಕಣ್ಣಾಗಿ ಭಾವನ ಭುಜವನ್ನೇ ನೋಡುತ್ತಿದ್ದಳು. ಹನ್ನೊಂದೂವರೆಗೆ ಏನೂ ಇರಲಿಲ್ಲ. ಹನ್ನೆರಡಕ್ಕೆ ಕುತ್ತಿಗೆಯ ಬುಡದಲ್ಲಿ ಗುಲಾಬಿ ಬಣ್ಣ ಹುಟ್ಟಿತು. ಅದು ಭುಜಕ್ಕೆ ಇಳಿಯುವುದನ್ನು ಅವಳು, ಹಸಿದವಳು ಒಲೆಯ ಮೇಲಿನ ಪಾತ್ರೆಯನ್ನು ನೋಡುವಂತೆ ನೋಡಿದಳು. ಹನ್ನೆರಡೂವರೆಗೆ ಹಿಂದಿನಿಂದ ಒಬ್ಬ ಅಜ್ಜಿ, ನಿಮ್ಮ ಹೆಗಲು ಕೆಂಪಗಾಗಿದೆಯಲ್ಲಪ್ಪ ಎಂದರು. ರಕ್ತ ಚೆನ್ನಾಗಿ ಓಡ್ತಿದೆ ಅಜ್ಜಿ ಎಂದು ಭಾವ ನಕ್ಕ. ನಗು ಅರ್ಧಕ್ಕೇ ನಿಂತಿತು. ಒಂದು ಗಂಟೆಗೆ ಮಾತಿನ ನಡುವೆ ತಡೆ ಬರತೊಡಗಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಎದ್ದು ಬಂದು, ಸೀಸೆ ಬಗ್ಗಿಸಿ, ಬೆನ್ನಿನ ಮೇಲೆ ಇನ್ನಷ್ಟು ಎಣ್ಣೆ ಸುರಿದು ಹೋದಳು.

ಒಂದೂವರೆಗೆ ಅವನು ಎದ್ದ. ಇವತ್ತಿಗೆ ಇಷ್ಟು ಸಾಕು ಎಂದ.

“ಎರಡು ಗಂಟೆವರೆಗೆ ಅಂತ ಅಂದಿದ್ರಿ ಭಾವ,” ಎಂದಳು ಕತ್ತರಿ, ಎಲ್ಲರಿಗೂ ಕೇಳುವಂತೆ. “ಇನ್ನೂ ಅರ್ಧ ಗಂಟೆ ಇದೆ. ನಂಬಿಕೆ ಇದ್ರೆ ಏನೂ ಆಗಲ್ಲ ಅಲ್ವಾ?”

ಜನ ಹೌದು ಹೌದು ಎಂದರು. ಭಾವ ಕೂತ. ಕೂತಾಗ ಕುರ್ಚಿಯ ಬೆನ್ನು ತಾಗಿ ಅವನ ಬಾಯಿಂದ ಒಂದು ಸದ್ದು ಬಂತು. ಕತ್ತರಿಗೆ ಆ ಸದ್ದಿನಿಂದ ಹೊಟ್ಟೆ ತಣ್ಣಗಾಯಿತು. ಇದಕ್ಕೆ ಅವಳಿಗೆ ಆಗಲೂ ನಾಚಿಕೆಯಾಗಲಿಲ್ಲ, ಆಮೇಲೂ ಆಗಲಿಲ್ಲ. ಬೆನ್ನು ಈಗ ಹಸಿ ಮಾಂಸದ ಬಣ್ಣಕ್ಕೆ ತಿರುಗಿತ್ತು. ಜನ ಗುಸುಗುಸು ಶುರುಮಾಡಿದ್ದರು. ಎರಡಕ್ಕೆ ಅಕ್ಕ ಮತ್ತೆ ಎದ್ದು ಬಂದಳು. ಚೀಲದಿಂದ ಟ್ಯೂಬು ತೆಗೆದು ಎತ್ತಿ ಹಿಡಿದು, ಅದರ ಮೇಲೆ ಬರೆದಿದ್ದನ್ನು ಶಾಲೆಯ ಹುಡುಗಿಯಂತೆ ಒಂದೊಂದೇ ಪದವಾಗಿ ಓದಿದಳು. ಮೂರು ವರ್ಷ ಇದನ್ನು ಇವರ ಬೆನ್ನಿಗೆ ದಿನಾ ಹಚ್ಚಿದ್ದೇನೆ, ಇವತ್ತು ಒಂದು ದಿನ ಹಚ್ಚಿಲ್ಲ, ನೋಡಿಕೊಳ್ಳಿ ಎಂದಳು.

ಭಾವ ಅಂಗಿ ತೊಡಲು ನೋಡಿದ. ಬಟ್ಟೆ ತಾಗಿಸಿಕೊಳ್ಳಲಾಗಲಿಲ್ಲ. ಬರಿಮೈಯಲ್ಲೇ ಎಲ್ಲರ ನಡುವೆ ಹಾದು ಹೋದ. ಅಕ್ಕ ಮನೆಯಲ್ಲಿ ಒಂದು ಬಕೆಟ್ ತಣ್ಣೀರು, ನಾಲ್ಕು ಬಟ್ಟೆ ಅವನ ಕೈಗೆಟುಕುವಂತೆ ಇಟ್ಟು, ಡಾಕ್ಟರಿಗೆ ಹೇಳಿ ಕಳಿಸಿ, ತನ್ನ ಪೆಟ್ಟಿಗೆಯೊಂದಿಗೆ ತಂಗಿಯರ ಮನೆಗೆ ಬಂದಳು.

ಮೀನು ಟಿಕೆಟ್ ಕಿಟಕಿ ಮುಚ್ಚಿ ಬರುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಬೀದಿ ಸುತ್ತಿತ್ತು. ಕತ್ತರಿ ಬಾಗಿಲಲ್ಲೇ ಕಾದು ನಿಂತು, ಒಂದನ್ನೂ ಬಿಡದೆ ಎಲ್ಲ ಹೇಳಿದಳು. ತಂಗಿ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಮೀನು ಚಪ್ಪಲಿ ಬಿಚ್ಚಿ ಒಳಗೆ ಬಂದು ಗೋಡೆಗೆ ಒರಗದೆ, ನೆಟ್ಟಗೆ ಕೂತಳು. ಒರಗುವುದು ಅವಳಿಗೆ ಇನ್ನೂ ಆಗುತ್ತಿರಲಿಲ್ಲ.

“ಸುಟ್ಟಿದ್ದು ನನ್ನ ಮೈ,” ಎಂದಳು. “ಸೇಡು ನಿಮ್ಮಿಬ್ಬರದು ಹೇಗಾಯ್ತು?”

ಅಕ್ಕ ಅಳತೊಡಗಿದಳು.

“ಅವರ ಬೆನ್ನು ಹದಿನೈದು ದಿನಕ್ಕೆ ವಾಸಿ ಆಗುತ್ತೆ. ನಂದು ಆಗಲ್ಲ. ನನ್ನನ್ನ ಸೋಮಾರಿ ಅಂತ ಊರಿಗೆಲ್ಲ ಹೇಳಿದ್ರಲ್ಲ, ಅದು ಹಾಗೇ ಇದೆ. ಅದನ್ನ ನಾನೇ ವಸೂಲಿ ಮಾಡ್ಕೋತೀನಿ.” ಆಮೇಲೆ ಅಕ್ಕನ ಕಡೆ ತಿರುಗಿದಳು. “ನಿನ್ನ ಜತೆ ಮಾತಾಡೋಕೆ ನನಗಿನ್ನೂ ದಿನ ಬೇಕು. ಮಲಗೋಕೆ ಜಾಗ ಇದೆ, ಇರು.”

ಮರುದಿನವೇ ಮೀನು ಆಸ್ಪತ್ರೆಯ ಕಾಗದಗಳನ್ನೆಲ್ಲ ಹಿಡಿದು ಭಾವನ ಮನೆಗೆ ಹೋದಳು. ಅವನು ಬೋರಲು ಮಲಗಿದ್ದ. ಇದನ್ನು ಆರೋಗ್ಯ ಇಲಾಖೆಗೆ ಕೊಡಲೋ, ನಾನು ಹೇಳಿದ ಹಾಗೆ ಕೇಳುತ್ತೀರೋ ಎಂದು ಕೇಳಿದಳು. ಅವನು ದಿಂಬಿನಲ್ಲಿ ಮುಖ ಇಟ್ಟುಕೊಂಡೇ ತಲೆಯಾಡಿಸಿದ.

ಬೇಸಿಗೆ ಮುಗಿಯುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನು ಈಜುಕೊಳಕ್ಕೆ ಬರಬೇಕಾಯಿತು. ಮೊದಲ ಭಾನುವಾರ ಕತ್ತರಿಯೂ ನೋಡಲು ಹೋಗಿದ್ದಳು. ಮೀನುವಿನ ಬೆನ್ನು ಸುಟ್ಟದ್ದು ಯಾಕೆಂದು ಊರಿಗೆಲ್ಲ ತಿಳಿದ ಮೇಲೆ ಕೊಳದವರು ಬೆಳಗಿನ ತರಗತಿಯನ್ನು ಅವಳಿಗೆ ಮರಳಿ ಕೊಟ್ಟಿದ್ದರು. ಉದ್ದ ತೋಳಿನ ಉಡುಗೆ ತೊಟ್ಟ ಮಕ್ಕಳು ದಂಡೆಯಲ್ಲಿ ಸಾಲಾಗಿ ಕೂತಿದ್ದರು, ಹಿಂದೆ ತಂದೆತಾಯಂದಿರು. ಭಾವನ ಮೂಗಿನಿಂದಲೂ ಕಿವಿಯಿಂದಲೂ ಸಿಪ್ಪೆ ಏಳುತ್ತಿತ್ತು. ಮೀನು ಅಗಲ ಟೋಪಿ ಹಾಕಿಕೊಂಡು ಅವನ ಪಕ್ಕದಲ್ಲಿ ನಿಂತಿದ್ದಳು.

ಅವನು ನೆಲ ನೋಡುತ್ತ ಹೇಳತೊಡಗಿದ: ನನ್ನ ಎಣ್ಣೆ ಬಿಸಿಲು ತಡೆಯುವುದಿಲ್ಲ, ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು, ನನ್ನ ನಾದಿನಿ ದಿನವೂ ಹಚ್ಚಿಕೊಂಡಿದ್ದಳು, ತಪ್ಪು ಅವಳದಲ್ಲ.

“ಕೊನೇ ಮಾತು ಇನ್ನೊಂದ್ಸಲ ಹೇಳಿ ಭಾವ,” ಎಂದಳು ಮೀನು. “ಜೋರಾಗಿ. ಹಿಂದಿನವರಿಗೆ ಕೇಳಿಸ್ತಿಲ್ಲ.”