ಐವತ್ತಾರನೇ ಪಿನ್ನು

ಮದುವೆ ಹಾಲ್‌ನಲ್ಲಿ ಕಪ್ಪು ಕೋಟು ತೊಟ್ಟ ಹೆಂಗಸಿನ ಮುಖವನ್ನು ಯಾರೂ ನೋಡುವುದಿಲ್ಲ. ಹತ್ತೊಂಬತ್ತು ವರ್ಷ ಆ ಕೋಟಿನಲ್ಲೇ ಬದುಕಿದ ಇನ್‌ಸುಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಕೊರಿಯಾದ ದೇಗು ಊರಿನ ಮದುವೆಗಳಲ್ಲಿ ಅವಳ ಕೆಲಸ ಇಷ್ಟೇ: ಬೆಳಗಿನಿಂದ ಮದುಮಗಳ ಬೆನ್ನ ಹಿಂದೆ ಇರುವುದು, ಗೌನಿನ ಉದ್ದನೆಯ ಬಾಲ ಹಿಡಿಯುವುದು, ಕಿತ್ತ ಗುಂಡಿಗೆ ನಿಂತ ನಿಲುವಿನಲ್ಲೇ ಹೊಲಿಗೆ ಹಾಕುವುದು, ಫೋಟೋದವನು ಕ್ಯಾಮೆರಾ ಎತ್ತಿದ ಕೂಡಲೇ ಬಾಲವನ್ನು ಬೀಸಣಿಗೆಯಂತೆ ಹರಡಿ ಮೂರು ಹೆಜ್ಜೆ ಹಿಂದೆ ಸರಿಯುವುದು. ಇಂಥ ಹೆಂಗಸರನ್ನು ಎಲ್ಲರೂ ‘ಚಿಕ್ಕಮ್ಮ’ ಅಂತಲೇ ಕರೆಯುತ್ತಾರೆ. ಹೆಸರು ಕೇಳುವವರಿಲ್ಲ.

ಆ ಅಕ್ಟೋಬರ್ ಶನಿವಾರದ ಮದುಮಗಳು ಮಾತ್ರ ಅವಳು ಹೆತ್ತ ಮಗಳು, ದಾಸೊಲ್.

ಇನ್‌ಸುಕ್ ಗಂಡನ ಮನೆ ಬಿಟ್ಟಾಗ ದಾಸೊಲ್‌ಗೆ ಏಳು ವರ್ಷ. ತಪ್ಪು ಯಾರದು ಎಂದು ಕೇಳಿದರೆ ಇನ್‌ಸುಕ್ ಈಗಲೂ ಇಬ್ಬರದೂ ಅನ್ನುತ್ತಾಳೆ. ಮಗು ಅಪ್ಪನ ಪಾಲಾಯಿತು. ವರ್ಷ ಕಳೆಯುವುದರೊಳಗೆ ಆ ಮನೆಗೆ ಮಿರಾನ್ ಎಂಬ ಇನ್ನೊಬ್ಬ ಹೆಂಡತಿ ಬಂದಳು, ಮಗು ಅವಳನ್ನು ಅಮ್ಮ ಅಂದಿತು. ಇಪ್ಪತ್ತು ತುಂಬಿದ ಮೇಲೆ ದಾಸೊಲ್ ತಾನಾಗಿಯೇ ಹುಡುಕಿಕೊಂಡು ಬಂದಿದ್ದಳು. ಅಂದಿನಿಂದ ತಿಂಗಳಿಗೊಮ್ಮೆ ಸೊಮುನ್ ಮಾರ್ಕೆಟ್ಟಿನ ನೂಡಲ್ಸ್ ಅಂಗಡಿಯ ಮೂಲೆ ಬೆಂಚಿನಲ್ಲಿ ತಾಯಿ ಮಗಳು ಕೂರುತ್ತಿದ್ದರು.

ಗಂಡು ಗಿಬೊಮ್‌ಗಾಗಲಿ ಅವನ ಮನೆಯವರಿಗಾಗಲಿ ಇದೊಂದೂ ತಿಳಿಯದು. ಎರಡೂ ಮನೆಯವರು ಮೊದಲ ಸಲ ಕೂತು ಮಾತಾಡಿದ ದಿನ ಮಿರಾನ್‌ಳನ್ನೇ ತಾಯಿ ಎಂದು ತೋರಿಸಿದ್ದರು. “ನಾನು ಮದುವೆಗೆ ಬರಲಾ?” ಎಂದು ಇನ್‌ಸುಕ್ ಕೇಳಿದ್ದು ಒಂದೇ ಸಲ. ದಾಸೊಲ್ ಅಪ್ಪನ ಹತ್ತಿರ ಅತ್ತು ಕರೆದು ಜಗಳವಾಡಿ ಅವನ ಬಾಯಿಂದ ಒಂದು ಮಾತು ಹೊರಡಿಸಿದಳು: “ಬರೋದಾದ್ರೆ ಕಪ್ಪು ಕೋಟು ಹಾಕ್ಕೊಂಡು ಬರಲಿ. ಬಾಯಿ ಬಿಡಬಾರದು.”

“ಒಳ್ಳೇದೇ ಆಯ್ತು ಬಿಡು,” ಎಂದಿದ್ದಳು ಇನ್‌ಸುಕ್. “ತಾಯಿ ಅಂತ ಬಂದ್ರೆ ಕುರ್ಚಿ ಮೇಲೆ ಕೂತು ದೂರದಿಂದ ನೋಡ್ಬೇಕು. ಹೀಗೆ ಬಂದ್ರೆ ದಿನವಿಡೀ ನಿನ್ನ ಬೆನ್ನಿಗೇ ಅಂಟ್ಕೊಂಡಿರ್ತೀನಿ.”

ನಾಲ್ಕು ತಿಂಗಳು ಫೋನಿನಲ್ಲೇ ಮದುವೆ ಕಟ್ಟಿದರು. ಎಲ್ಲರಂತೆ ಬಿಳಿ ಗುಲಾಬಿಯ ಗೋಡೆ ಬೇಡ ಎಂದಳು ದಾಸೊಲ್. ಸಾವಿರಾರು ಮದುವೆ ನೋಡಿದ ಇನ್‌ಸುಕ್, “ಗುಲಾಬಿ ಮಧ್ಯಾಹ್ನಕ್ಕೆ ಬಾಡುತ್ತೆ. ಅಕ್ಟೋಬರಿನಲ್ಲಿ ಚೊಂಗ್ದೊ ತೋಟಗಳಲ್ಲಿ ಗಾಮ್ ಹಣ್ಣು ಕೆಂಪಗೆ ತೂಗ್ತಿರುತ್ತಲ್ಲ, ಹಣ್ಣಿರೋ ಕೊಂಬೆಗಳನ್ನೇ ತಂದು ದಾರಿಯ ಎರಡೂ ಕಡೆ ನಿಲ್ಲಿಸು. ಹೋಗುವಾಗ ಬಂದವರಿಗೆ ತಲೆಗೊಂದು ಹಣ್ಣು ಕಿತ್ಕೊಳ್ಳೋಕೆ ಹೇಳು,” ಎಂದಳು. ಮುಸುಕಿನ ಅಂಚಿಗೆ ಬಾಡಿಗೆ ಲೇಸಿನ ಬದಲು ತನ್ನ ಮದುವೆಯ ಹನ್‌ಬೊಕ್ ಉಡುಪಿನ ಒಳಪದರದ ಬಟ್ಟೆ ಬಿಚ್ಚಿ ಕೈಯಲ್ಲೇ ಹೊಲಿದುಕೊಟ್ಟಳು. ಹೂಗೊಂಚಲು ಕಟ್ಟಲು ರಿಬ್ಬನ್ ಬೇಡ, ಬುತ್ತಿ ಕಟ್ಟುವ ಚೌಕದ ಬಟ್ಟೆ ಸಾಕು ಎಂದಳು.

ಹನಿಮೂನಿಗೆ ಬಾಲಿ. ಮದುವೆಯ ಸಂಜೆಯೇ ವಿಮಾನ ಹತ್ತುತ್ತೇವೆ ಎಂದಾಗ ಮಗಳಿಗೆ ಗದರಿದ್ದಳು. “ಹುಚ್ಚು ಹುಡುಗಿ! ಅವತ್ತು ನಿನ್ನ ತಲೆ ತುಂಬ ಪಿನ್ನು, ಕಾಲು ತುಂಬ ಬೊಬ್ಬೆ. ಮೊದಲ ರಾತ್ರಿ ಇಲ್ಲೇ ಎಲ್ಲಾದ್ರೂ ಬಿದ್ಕೊಂಡು ನಿದ್ದೆ ಮಾಡಿ, ಮಾರನೇ ದಿನ ಹೋಗಿ. ಇನ್ನೊಂದು ಮಾತು. ಮೂರನೇ ದಿನ ಖಾಲಿ ಬಿಡು. ಯಾವ ಗಂಡ ಹೆಂಡತಿಯಾದ್ರೂ ಮೊದಲ ಜಗಳ ಆಡೋದು ಮೂರನೇ ದಿನಾನೇ.”

“ನೀನು, ಅಪ್ಪ?”

“ನಾವು ಜೇಜು ದ್ವೀಪಕ್ಕೆ ಹೋಗಿದ್ವಿ. ಟ್ಯಾಕ್ಸಿಯವನೇ ಫೋಟೋದವನು. ಹಳದಿ ಹೂವಿನ ಹೊಲದಲ್ಲಿ ನಿಲ್ಲಿಸಿ, ‘ಹುಡುಗಿ, ಹುಡುಗನ ಹೆಗಲಿಗೆ ಒರಗಿ ನಗಿ’ ಅಂದ. ನಾವು ಮಾತು ಬಿಟ್ಟು ಆಗಲೇ ಎರಡು ಗಂಟೆ ಆಗಿತ್ತು. ಆದ್ರೂ ನಕ್ವಿ.”

ದಾಸೊಲ್ ನಗಲಿಲ್ಲ. “ಹಾಗಾದ್ರೆ ಮೂರನೇ ದಿನ ಗಿಬೊಮ್‌ಗೆ ನಿನ್ನ ವಿಷಯ ಹೇಳಿಬಿಡ್ತೀನಿ ಅಮ್ಮ. ಮದುವೆ ನೋಂದಣಿಯ ಅರ್ಜೀಲಿ ಹೆತ್ತ ತಾಯಿ ಹೆಸರು ಬರೀಲೇಬೇಕಲ್ಲ. ಅದಕ್ಕೂ ಮುಂಚೆ ನಾನೇ ಹೇಳ್ತೀನಿ. ವಾಪಸ್ ಬಂದ ದಿನ ಇಬ್ಬರೂ ನಿನ್ನ ಮನೆಗೇ ಊಟಕ್ಕೆ ಬರ್ತೀವಿ.”

ಅಂದಿನಿಂದ ಇನ್‌ಸುಕ್ ಬದುಕಿದ್ದು ಆ ಮೂರನೇ ದಿನದ ಮೇಲೆ. ಅಳಿಯ ಬಂದರೆ ಬಡಿಸಲೆಂದು ಹೊಸ ಬಟ್ಟಲುಗಳನ್ನೂ ತಂದಿಟ್ಟಿದ್ದಳು.

ಮದುವೆಯ ಬೆಳಿಗ್ಗೆ ಸಲೂನಿನ ಹುಡುಗಿ ಮದುಮಗಳನ್ನು ಒಪ್ಪಿಸುತ್ತಾ, “ಚಿಕ್ಕಮ್ಮ, ಐವತ್ತಾರು ಪಿನ್ನು ಹಾಕಿದೀನಿ. ಬಿಚ್ಚುವಾಗ ಲೆಕ್ಕ ನೋಡ್ಕೊಳ್ಳಿ,” ಎಂದಳು. ಇನ್‌ಸುಕ್ ಮಾಸ್ಕ್ ಏರಿಸಿ ತಲೆಯಾಡಿಸಿದಳು.

ಮದುಮಗಳ ಕೋಣೆಗೆ ಮೊದಲು ನುಗ್ಗಿದವಳು ಗಂಡಿನ ತಾಯಿ, ನೀಲಿ ಹನ್‌ಬೊಕ್ ಉಟ್ಟು, ಹಿಂದೆಯೇ ಗುಲಾಬಿ ಬಣ್ಣದ್ದು ಉಟ್ಟ ಮಿರಾನ್‌ಳನ್ನು ಕೈ ಹಿಡಿದು ಎಳೆದುಕೊಂಡು.

“ಅಯ್ಯೋ ನನ್ನ ಬಂಗಾರ! ಆ ಹಣ್ಣಿನ ಕೊಂಬೆಗಳು! ನಮ್ಮ ಕಡೆ ಹೆಂಗಸರೆಲ್ಲ ಹೂವು ಬಿಟ್ಟು ಹಣ್ಣನ್ನೇ ಫೋಟೋ ಹಿಡೀತಿದಾರೆ. ಯಾರ ತಲೆಗೆ ಹೊಳೀತಮ್ಮ ಇದು?”

ದಾಸೊಲ್ ಕಣ್ಣನ್ನು ಗೌನಿನ ಅಂಚಿನತ್ತ ಇಳಿಸಿದಳು. “ಅಮ್ಮಂದು,” ಎಂದಳು ಮೆಲ್ಲಗೆ.

“ನೋಡಿದ್ರಾ ಬೀಗಿತ್ತಿ, ಇಷ್ಟೆಲ್ಲ ಕಲೆ ಬಚ್ಚಿಟ್ಕೊಂಡು ಕೂತಿದ್ರಾ ನೀವು!” ಎಂದು ಆಕೆ ಮಿರಾನ್‌ಳ ತೋಳು ತಟ್ಟಿದಳು. ಮಿರಾನ್‌ಳ ಮುಖ ಸುಣ್ಣವಾಯಿತು. ಇನ್‌ಸುಕ್ ನೆಲದ ಮೇಲೆ ಮಂಡಿಯೂರಿ ಗೌನಿನ ನೆರಿಗೆ ಬಿಡಿಸುತ್ತಲೇ ಇದ್ದಳು.

“ಚಿಕ್ಕಮ್ಮ, ಸ್ವಲ್ಪ ನೀರು ಕೊಡ್ತೀರಾ?” ಎಂದಳು ದಾಸೊಲ್. ತಾಯಿಯನ್ನು ಅವಳು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಇನ್‌ಸುಕ್ ಲಿಪ್‌ಸ್ಟಿಕ್ ಕೆಡದಂತೆ ಸ್ಟ್ರಾ ಹಾಕಿ ನೀರು ಕುಡಿಸಿದಳು.

ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಹಾಲ್‌ನ ಹೊರಗಿನ ಕಾರಿಡಾರಿನಲ್ಲಿ ಮಿರಾನ್ ಒಬ್ಬಳೇ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹನ್‌ಬೊಕ್‌ನ ಎದೆಯ ಮೇಲಿನ ಪಟ್ಟಿಯ ಗಂಟು ಬಿಚ್ಚಿಹೋಗಿತ್ತು. ಎಷ್ಟು ಸಲ ಕಟ್ಟಿದರೂ ಗಂಟು ನಿಲ್ಲುತ್ತಿರಲಿಲ್ಲ. ಇನ್‌ಸುಕ್ ಹೋಗಿ ಪಟ್ಟಿ ಕೈಗೆತ್ತಿಕೊಂಡಳು.

“ಅಕ್ಕಾ,” ಎಂದಳು ಮಿರಾನ್. “ಈ ಕೈಲಿ ಮೇಣದಬತ್ತಿ ಹಚ್ಚೋಕಾಗುತ್ತಾ ನನಗೆ? ಗಂಡಿನ ತಾಯಿ, ಹೆಣ್ಣಿನ ತಾಯಿ ಇಬ್ಬರೂ ಸೇರಿ ಹಚ್ಚಬೇಕಂತೆ. ತಾಯಂದಿರು...”

“ಉದ್ದ ಕಡ್ಡಿ ಕೊಡ್ತಾರೆ. ಎರಡೂ ಕೈಲಿ ಹಿಡ್ಕೊ. ಬತ್ತಿ ಹತ್ತಿಕೊಳ್ಳೋವರೆಗೆ ಉಸಿರು ಬಿಡಬೇಡ.”

“ಇದು ನಿಮ್ಮ ಜಾಗ ಅಕ್ಕ. ರಾತ್ರಿಯಿಂದ ನನಗೆ ಅನ್ನ ಇಳೀತಿಲ್ಲ.”

ಇನ್‌ಸುಕ್ ಗಂಟು ಬಿಗಿದಳು. “ಶಾಲೆಯ ಪ್ರವಾಸಕ್ಕೆ ಕಿಂಬಾಪ್ ಬುತ್ತಿ ಸುತ್ತಿಕೊಟ್ಟೋರು ಯಾರು? ಕಾಲೇಜು ಸೇರೋ ದೊಡ್ಡ ಪರೀಕ್ಷೆ ದಿನ ಚಳೀಲಿ ಗೇಟಿನ ಹೊರಗೆ ಸಂಜೆವರೆಗೂ ನಿಂತಿದ್ದೋರು ಯಾರು? ನಾನಲ್ವಲ್ಲ. ನಿಂತೋರದೇ ಜಾಗ. ನಡಿ ಈಗ. ಗದ್ದ ಮೇಲೆತ್ಕೊ, ಇಲ್ದಿದ್ರೆ ಫೋಟೋದಲ್ಲಿ ಎರಡೆರಡು ಕಾಣುತ್ತೆ.”

ಮಿರಾನ್ ಅಳುತ್ತಲೇ ನಕ್ಕಳು. ಇನ್‌ಸುಕ್ ಜೇಬಿನಿಂದ ಹತ್ತಿ ತೆಗೆದು ಅವಳ ಕಣ್ಣಂಚು ಒತ್ತಿದಳು, ಬಣ್ಣ ಕದಡದಂತೆ.

ಬಾಗಿಲ ಸಂದಿನಿಂದ ನೋಡಿದಳು. ನೀಲಿ ಹನ್‌ಬೊಕ್ಕೂ ಗುಲಾಬಿ ಹನ್‌ಬೊಕ್ಕೂ ಗಾಮ್ ಕೊಂಬೆಗಳ ನಡುವೆ ಕೈಕೈ ಹಿಡಿದು ನಡೆದವು. ಮಿರಾನ್‌ಳ ಬತ್ತಿ ಮೊದಲ ಸಲಕ್ಕೆ ಹತ್ತಲಿಲ್ಲ. ಇನ್‌ಸುಕ್ ತನಗೇ ಗೊತ್ತಿಲ್ಲದಂತೆ ಉಸಿರು ಹಿಡಿದಳು. ಎರಡನೇ ಸಲಕ್ಕೆ ಹತ್ತಿತು.

ಎಲ್ಲವೂ ಸುಸೂತ್ರ ನಡೆಯಿತು. ಮಗಳು ಅಪ್ಪ ಅಮ್ಮನ ಮುಂದೆ ಬಾಗಿ ನಮಸ್ಕರಿಸುವಾಗ ಇನ್‌ಸುಕ್ ಬೆನ್ನ ಹಿಂದೆ ಕೂತು ಮುಸುಕು ಜಾರದಂತೆ ಹಿಡಿದಿದ್ದಳು. ತನ್ನ ಹಳೆಯ ಬಟ್ಟೆಯ ಅಂಚು ತನ್ನದೇ ಬೆರಳಲ್ಲಿತ್ತು. ಎಡವಿದ್ದು ಮಾತ್ರ ಕುಟುಂಬದ ಫೋಟೋದ ಹೊತ್ತಿಗೆ. ಗೌನಿನ ಬಾಲ ಹರಡಿ ಅವಳು ಮೂರು ಹೆಜ್ಜೆ ಹಿಂದೆ ಸರಿದಾಗಿತ್ತು. ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೂಗಿದ: “ಹುಡುಗಿ ತಾಯಿ, ಇನ್ನೂ ಸ್ವಲ್ಪ ಹತ್ತಿರ ಬನ್ನಿ!”

ಇನ್‌ಸುಕ್‌ಳ ಕಾಲು ಮುಂದೆ ಹೋಯಿತು. ಒಂದು ಹೆಜ್ಜೆ, ಎರಡು ಹೆಜ್ಜೆ.

“ಅರೆ, ಚಿಕ್ಕಮ್ಮ! ನೀವೆಲ್ಲಿಗೆ? ಹೊರಗೆ, ಹೊರಗೆ!”

ಜನ ನಕ್ಕರು. ಮಾಜಿ ಗಂಡ ಕೆಮ್ಮಿದ. ದಾಸೊಲ್‌ಳ ಕೈಯಲ್ಲಿದ್ದ ಹೂವು ಅಲುಗಿತು. ಇನ್‌ಸುಕ್ ಬಗ್ಗಿ ಇಲ್ಲದ ದಾರವೊಂದನ್ನು ಗೌನಿನಿಂದ ಹೆಕ್ಕಿದಂತೆ ಮಾಡಿ, “ದಾರ ಇತ್ತು,” ಎಂದು ಹಿಂದೆ ಸರಿದಳು.

ಫೋಟೋ ಮುಗಿದ ಮೇಲೆ ಅವಳನ್ನು ಹುಡುಕಿಕೊಂಡು ಬಂದವನು ಗಿಬೊಮ್, ಮದುಮಗ. ಬೆವರಿದ ಹಣೆ, ಮಗುವಿನಂಥ ಕಿವಿ. “ಚಿಕ್ಕಮ್ಮ, ಬೆಳಿಗ್ಗೆಯಿಂದ ನೀವು ಒಂದು ತೊಟ್ಟು ನೀರು ಕುಡಿದದ್ದೂ ನಾನು ನೋಡ್ಲಿಲ್ಲ. ತಗೊಳ್ಳಿ, ಊಟದ ಚೀಟಿ. ಹುಡುಗಿ ಕಡೆ ಚೀಟಿ ಖಾಲಿಯಂತೆ, ಇದು ನಮ್ಮ ಕಡೆದು. ಯಾರಾದ್ರೂ ಕೇಳಿದ್ರೆ ಗಿಬೊಮನ ಸಂಬಂಧ ಅನ್ನಿ.” ಎರಡೂ ಕೈಯಿಂದ ಚೀಟಿ ಕೊಟ್ಟು ಸೊಂಟದವರೆಗೆ ಬಾಗಿದ.

ಒಳ್ಳೆಯ ಹುಡುಗ, ಎಂದುಕೊಂಡಳು. ಇವನಿಗೆ ಹೇಳಬಹುದು. ಹೇಳಿದರೆ ಕೇಳಿಸಿಕೊಳ್ಳುತ್ತಾನೆ.

ಊಟದ ಹಾಲ್‌ನಲ್ಲಿ ನೀಲಿ ಚೀಟಿ ತೋರಿಸಿ ಗಂಡಿನ ಕಡೆಯ ಮೇಜಿನ ತುದಿಯಲ್ಲಿ ಕೂತಳು. ಮಾಸ್ಕ್ ಗದ್ದಕ್ಕಿಳಿಸಿ ಗೋಧಿ ನೂಡಲ್ಸಿನ ಬಟ್ಟಲು ಮುಂದಿಟ್ಟುಕೊಂಡಳು. ಎದುರಿಗೆ ಗಿಬೊಮ್‌ನ ಸೋದರತ್ತೆ, ತಟ್ಟೆಯಲ್ಲಿ ಗುಡ್ಡ ಕಟ್ಟಿದ ಸೀಗಡಿ.

“ಹುಡುಗಿ ಥೇಟ್ ತಾಯೀನೇ,” ಎನ್ನುತ್ತಿದ್ದಳು ಆಕೆ ಪಕ್ಕದವಳಿಗೆ. “ಆ ಗುಲಾಬಿ ಉಟ್ಟಿದ್ಲಲ್ಲ, ಅದೇ ಮೂಗು. ರಕ್ತ ಎಲ್ಲಿ ಹೋಗುತ್ತೆ ಹೇಳಿ?”

ಇನ್‌ಸುಕ್ ನೂಡಲ್ಸ್ ನುಂಗಿದಳು.

“ನಮ್ಮ ಅತ್ತಿಗೆ ಈ ಸಂಬಂಧಕ್ಕೆ ಮೊದಲು ಹೆದರಿದ್ಲು. ದೊಡ್ಡ ಮಗಂದು ಹಾಗಾಯ್ತಲ್ಲ. ಆ ಹುಡುಗಿ ಅಪ್ಪ ಅಮ್ಮ ಬೇರೆಯಾಗಿದ್ದನ್ನ ಬಚ್ಚಿಟ್ಟು ಮದುವೆ ಮಾಡಿದ್ರು. ಗೊತ್ತಾದ ದಿನದಿಂದ ಅತ್ತಿಗೆ ಆ ಸೊಸೇನ ಮನೆ ಮೆಟ್ಟಿಲು ಹತ್ತಿಸ್ಲಿಲ್ಲ. ಎರಡು ವರ್ಷಕ್ಕೆ ಅದೂ ಮುರೀತು. ಅದಕ್ಕೇ ಈ ಸಲ, ತುಂಬಿದ ಮನೆ ಹುಡುಗಿ ಸಿಕ್ಕಿದ್ಲು ಅಂತ ಊರೆಲ್ಲ ಸಾರ್ಕೊಂಡು ಬಂದಿದಾಳೆ. ನೀವೇನಮ್ಮ, ನಮ್ಮ ಕಡೆಯವರಾ?”

“ಹೂಂ,” ಎಂದಳು ಇನ್‌ಸುಕ್. “ಗಿಬೊಮನ ಸಂಬಂಧ.”

ಬಟ್ಟಲಲ್ಲಿ ಅರ್ಧ ಬಿಟ್ಟು ಎದ್ದಳು.

ಉಡುಪು ಬದಲಿಸುವ ಕೋಣೆಯ ಚಿಲಕ ಹಾಕಿದ ಮೇಲೆ ತಾಯಿ ಮಗಳು ಇಬ್ಬರೇ. ಗೌನು ಕಳಚಿ ದಾಸೊಲ್ ಹತ್ತಿಯ ಅಂಗಿ ತೊಟ್ಟು ಕನ್ನಡಿಯ ಮುಂದೆ ಕುಸಿದು ಕೂತಳು. ಬಾಗಿಲ ಆಚೆ ಗಿಬೊಮ್ ಸೂಟ್‌ಕೇಸ್ ಹಿಡಿದು ಕಾಯುತ್ತಿದ್ದ. ಆ ರಾತ್ರಿ ಊರಲ್ಲೇ ಹೋಟೆಲು, ನಾಳೆ ಮಧ್ಯಾಹ್ನ ವಿಮಾನ.

ಇನ್‌ಸುಕ್ ಪಿನ್ನು ತೆಗೆಯತೊಡಗಿದಳು. ಒಂದು, ಎರಡು, ಮೂರು. ತೆಗೆದ ಪ್ರತಿ ಜಾಗವನ್ನೂ ಬೆರಳ ತುದಿಯಿಂದ ಉಜ್ಜಿದಳು. ಏಳು ವರ್ಷದವಳಿದ್ದಾಗ ಜಡೆ ಬಿಚ್ಚಿ ಉಜ್ಜುತ್ತಿದ್ದ ಅದೇ ತಲೆ. ಬಲಗಿವಿಯ ಹಿಂದಿನ ಸುಳಿ ಅಲ್ಲೇ ಇತ್ತು.

“ಫೋಟೋದಲ್ಲಿ... ಸಾರಿ ಅಮ್ಮ.”

“ನನ್ನ ಕಾಲಿಗೆ ವಯಸ್ಸಾಯ್ತು, ಹೇಳಿದ ಮಾತು ಕೇಳಲ್ಲ. ಬಿಡು.” ಇಪ್ಪತ್ತೆರಡು, ಇಪ್ಪತ್ಮೂರು. “ಮೂರನೇ ದಿನ ಏನು ಮಾಡ್ತೀಯ?”

“ಹೇಳ್ತೀನಿ ಅಂದಿದೀನಲ್ಲ.”

“ಬೇಡ.”

ಕನ್ನಡಿಯಲ್ಲಿ ದಾಸೊಲ್‌ಳ ಕಣ್ಣು ಮೇಲೆದ್ದಿತು.

“ಅವತ್ತು ಈಜೋಕೆ ಹೋಗಿ,” ಎಂದಳು ಇನ್‌ಸುಕ್. “ಅವನಿಗೆ ಹೇಳಿದ್ರೆ ಒಳ್ಳೆಯವನು, ಅರ್ಥ ಮಾಡ್ಕೋತಾನೆ. ಆದ್ರೆ ಗುಟ್ಟು ಹೊತ್ಕೊಂಡು ತನ್ನ ತಾಯಿ ಮುಂದೆ ದಿನಾ ನಿಲ್ಲಬೇಕಲ್ಲ. ಅವನ ಮುಖದಲ್ಲಿ ಏನೂ ಮುಚ್ಕೊಳ್ಳೋದಿಲ್ಲ, ನೋಡಿದೀನಿ. ಅರ್ಜಿ ಬರೆಯೋವಾಗ ಹೆತ್ತವಳು ಸತ್ತುಹೋದ್ಲು, ಸಾಕಿದವಳೇ ಅಮ್ಮ ಅನ್ನು. ಸತ್ತವರ ವಿಷಯದಲ್ಲಿ ಎರಡನೇ ಪ್ರಶ್ನೆ ಯಾರೂ ಕೇಳಲ್ಲ.”

ಅವಳು ಇದನ್ನೆಲ್ಲ ಗಟ್ಟಿ ದನಿಯಲ್ಲೇ ಹೇಳಿದಳು. ಹೇಳುತ್ತಲೇ, ಮಗಳು ಈಗ ತಿರುಗಿ ಬಯ್ಯುತ್ತಾಳೆ, ‘ಇಂಥ ದಿನ ಎಂಥ ಮಾತಾಡ್ತೀಯಾ ಅಮ್ಮ, ನಾನು ಹೇಳೇ ಹೇಳ್ತೀನಿ’ ಅನ್ನುತ್ತಾಳೆ ಎಂದು ಕಾದಳು.

ದಾಸೊಲ್‌ಳ ಹೆಗಲು ಕೆಳಗಿಳಿಯಿತು. ಬೆಳಗಿನಿಂದ ಕಿವಿಯವರೆಗೆ ಬಿಗಿದುಕೊಂಡಿದ್ದ ಹೆಗಲು, ಗೌನು ಕಳಚಿದಾಗಲೂ ಇಳಿಯದ ಹೆಗಲು, ಈಗ ಇಳಿಯಿತು. ಅದರ ಬಿಡುಗಡೆ ತಾಯಿಯ ಬೆರಳಿಗೇ ತಿಳಿಯಿತು.

“ಹಾಗಂತೀಯಾ ಅಮ್ಮ?” ಎಂದಳು. ಬೇಗ ಕೇಳಿದಳು. ಆಮೇಲೆ ಅತ್ತಳು.

“ಹೂಂ. ಅಳಬೇಡ, ಕಣ್ಣು ಊದಿದ್ರೆ ಅವನು ಗಾಬರಿ ಆಗ್ತಾನೆ. ಬಿಸಿಲಿಗೆ ಹೋಗುವಾಗ ಟೋಪಿ ಹಾಕ್ಕೋ.”

ನಲವತ್ತೊಂಬತ್ತು. ಐವತ್ತು. ಬಾಗಿಲು ತಟ್ಟಿದ ಸದ್ದು. “ಚಿಕ್ಕಮ್ಮ, ಆಯ್ತಾ? ಕಾರು ಬಂತು!”

“ಬಂದ್ವಪ್ಪ, ಒಂದು ನಿಮಿಷ.”

ಐವತ್ತೈದು. ಐವತ್ತಾರನೆಯದು ಬಲಗಿವಿಯ ಹಿಂದಿನ ಸುಳಿಯಲ್ಲಿ ಅಡಗಿ ಕೂತಿತ್ತು. ಇನ್‌ಸುಕ್ ಅದನ್ನು ಮೆಲ್ಲಗೆ ಜಾರಿಸಿ ಎಡಗೈಯ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಬಲಗೈಯ ಬೆರಳುಗಳು ಕೂದಲಲ್ಲಿ ಓಡಾಡುತ್ತಲೇ ಇದ್ದವು.

“ಇನ್ನೂ ಇದೆಯಾ ಅಮ್ಮ?”

“ಇದೆ,” ಎಂದಳು ಇನ್‌ಸುಕ್. “ಒಂದು ಸಿಗ್ತಿಲ್ಲ. ಕದಲಬೇಡ.”