ಕೋಳಿಗಳ ಪಾಲಾದ ಬಟ್ಟಲು

ಗೋಡೆ ದೊಡ್ಡಮ್ಮನಿಗೆ ಕಾಲುಗಳಿವೆ ಎಂದು ನನಗೆ ತಿಳಿದದ್ದೇ ಏಳನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ಕಂಡದ್ದು ಹಿತ್ತಲ ಗೋಡೆಯ ಮೇಲೆ ಅವರ ನಗುಮುಖ, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲೊಂದು ನೀಲಿ ಅಂಚಿನ ಪಿಂಗಾಣಿ ಬಟ್ಟಲು. ಅವರು ಹಿಂದಿನ ಮನೆಯವರು. ಅವರ ದೇವರು ಬೇರೆ, ನಮ್ಮ ದೇವರು ಬೇರೆ. ಹಿತ್ತಲ ಗೋಡೆ ಮಾತ್ರ ಒಂದೇ.

ಅವರ ಮನೆಯಲ್ಲಿ ಏನು ವಿಶೇಷವಾದರೂ ಆ ಬಟ್ಟಲು ತುಂಬಿ ಬರುತ್ತಿತ್ತು. ನಮ್ಮಜ್ಜಿ ಎರಡೂ ಕೈಯಲ್ಲಿ ಈಸಿಕೊಂಡು, "ಕೈರುಚಿ ಅಂದ್ರೆ ನಿಂದೇ ಕಣಮ್ಮ!" ಎನ್ನುವರು. ದೊಡ್ಡಮ್ಮ ಅತ್ತ ತಿರುಗಿದ್ದೇ ತಡ, ಬಟ್ಟಲು ಕೋಳಿಗಳ ಮುಂದೆ. ಬೇರೆ ಧರ್ಮದವರ ಒಲೆಯ ಅನ್ನವನ್ನು ನಮ್ಮ ಮನೆಯಲ್ಲಿ ಯಾರೂ ಉಂಡವರಲ್ಲ. ಅದನ್ನೇ ಆಚಾರವೆಂದು ಕರೆಯುತ್ತಿದ್ದೆವು. ಇಡೀ ಬೀದಿಯಲ್ಲಿ ಎರಡೂ ಮನೆಯ ರುಚಿ ಬಲ್ಲವರೆಂದರೆ ನಮ್ಮ ಕೋಳಿಗಳೇ. ಇದನ್ನು ನೆನೆದರೆ ಈಗಲೂ ನಗು ಬರುತ್ತದೆ. ನನ್ನ ತಮ್ಮ ಹುಟ್ಟಿದ ವರ್ಷವನ್ನು ನೆನೆದರೆ ಆ ನಗು ಉಳಿಯುವುದಿಲ್ಲ.

ತಮ್ಮನಿಗೆ ಆಗ ಹತ್ತು ದಿನ. ಗಡಿಯಾರ ರಿಪೇರಿ ಮಾಡುವ ಅಪ್ಪ ಕೆಲಸದ ಮೇಲೆ ದೂರದ ಊರಿನಲ್ಲಿದ್ದರು. ಅಮ್ಮನಿಗೂ ಅಜ್ಜಿಗೂ ಒಟ್ಟಿಗೇ ಜ್ವರ ಬಂದು ಒಲೆ ಹಚ್ಚುವವರೇ ಇಲ್ಲದಾಯಿತು.

"ಬಾಣಂತಿ ಹೊಟ್ಟೆಗೆ ಏನೂ ಬೀಳದಿದ್ರೆ ನನ್ನ ಔಷಧಿ ಏನು ಮಾಡುತ್ತೆ?" ಎಂದು ನರ್ಸಮ್ಮ ಗದರಿ ಹೋದರು.

ಅಂಗಡಿಯ ಬ್ರೆಡ್ಡು ಅಮ್ಮನಿಗೆ ಇಳಿಯಲಿಲ್ಲ. ಗೋಡೆಯ ಮೇಲಿಂದ ಎರಡು ಹೊತ್ತೂ ಬಿಸಿ ಗಂಜಿ ಬರುತ್ತಿತ್ತು. ಅಜ್ಜಿ ಮಲಗಿದಲ್ಲಿಂದಲೇ ಕೈಸನ್ನೆ ಮಾಡುವರು, ನಾನು ಕೋಳಿಗಳಿಗೆ ಸುರಿಯುವೆ. ಮೂರನೆಯ ದಿನ ಅಮ್ಮನ ಎದೆಹಾಲು ಬತ್ತಿತು. ತಮ್ಮನಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಬಟ್ಟಲು ಹಿಡಿದು ಹಿತ್ತಲಿಗೆ ಹೊರಟ ನನ್ನನ್ನು ಅಮ್ಮ ತಡೆದಳು.

"ಅದನ್ನ ಇಲ್ಲಿ ತಾ."

"ಮುಟ್ಟಬೇಡ!" ಅಜ್ಜಿ ಎದ್ದು ಕುಳಿತರು. "ನಮ್ಮ ಹಿರಿಯರು ಪ್ರಾಣ ಬಿಟ್ರೂ ನೇಮ ಬಿಟ್ಟಿಲ್ಲ."

"ಅವರು ಬಿಟ್ಟಿದ್ದು ಅವರವರ ಪ್ರಾಣ, ಅತ್ತೆ. ನಾನು ಮಗೂದು ಬಿಡ್ಲಾ? ಉಣ್ಣದೇನೇ ರುಚಿ ಹೊಗಳ್ತೀರಲ್ಲ, ಅದು ಯಾವ ನೇಮ?"

ಅಜ್ಜಿ ಆಚೆ ಮಗ್ಗುಲಾದರು. ಅಮ್ಮ ಬಟ್ಟಲನ್ನು ಬರಿದು ಮಾಡಿದಳು. ಸಂಜೆಗೂ ಉಂಡಳು, ಮರುದಿನವೂ ಉಂಡಳು. ತಮ್ಮ ಮತ್ತೆ ಗಟ್ಟಿಯಾಗಿ ಅತ್ತ.

ಜ್ವರ ಬಿಟ್ಟ ಮೇಲೆ ಅಮ್ಮ ನನ್ನ ಕೈ ಹಿಡಿದು ಬೀದಿ ಸುತ್ತಿಕೊಂಡು ಹೋಗಿ ಆ ಮನೆಯ ಬಾಗಿಲು ತಟ್ಟಿದಳು. ಹೊಲಿಗೆ ಮೆಷಿನ್ನಿನ ಪೆಡಲಿನ ಮೇಲೆ ದೊಡ್ಡಮ್ಮನ ಕಾಲುಗಳನ್ನು ನಾನು ಕಂಡದ್ದು ಆಗಲೇ. ಅಮ್ಮ ಕೋಳಿಗಳ ಸಂಗತಿಯನ್ನೆಲ್ಲ ಹೇಳಿ ಅತ್ತಳು. ದೊಡ್ಡಮ್ಮ ನಕ್ಕುಬಿಟ್ಟರು.

"ನಂಗೆ ಗೊತ್ತಿತ್ತು ಕಣೇ. ಬಟ್ಟಲು ಎತ್ತಿದ್ರೆ ಸಾಕು, ನಿಮ್ಮ ಕೋಳಿಗಳು ಓಡಿ ಬಂದು ಗೋಡೆ ಹತ್ರ ನಿಲ್ತಿದ್ವು."

"ಮತ್ತೆ ಯಾಕೆ ಕಳಿಸ್ತಿದ್ರಿ, ಅಕ್ಕ?"

"ಒಂದಲ್ಲ ಒಂದು ದಿನ ಯಾರಾದ್ರೂ ಉಣ್ತೀರಿ ಅಂತ."

ಅಂದಿನಿಂದ ನಾವೆಲ್ಲ ಉಂಡೆವು. ಅಜ್ಜಿ ಮಾತ್ರ ಜಗ್ಗಲಿಲ್ಲ. ಎಷ್ಟೋ ವರ್ಷಗಳ ನಂತರ ದೊಡ್ಡಮ್ಮ ತೀರಿಕೊಂಡರು. ಆ ವಾರವೆಲ್ಲ ಅಜ್ಜಿ ಹಿತ್ತಲಲ್ಲಿ ಗೋಡೆ ನೋಡುತ್ತಾ ಕುಳಿತಿರುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮನನ್ನು ಹತ್ತಿರ ಕರೆದರು.

"ನಲವತ್ತು ವರ್ಷ ಹೊಗಳಿದೆ ಕಣೇ," ಎಂದರು. "ರುಚಿ ಹೇಗಿತ್ತು, ಹೇಳೇ."