ತಂತಿ ಮುಟ್ಟದ ಕಮಾನು

ನಾಟಕಶಾಲೆಯ ವಾದ್ಯಮೇಳದ ಕಡೇ ಸಾಲಿನಲ್ಲಿ ಕೂರುತ್ತಿದ್ದ ಪಿಟೀಲಿನವನು ವರ್ಷಗಳಿಂದ ಒಂದೂ ಅಪಸ್ವರ ನುಡಿಸಿದವನಲ್ಲ. ಗುಟ್ಟು ಸುಲಭ. ಗತಿ ಓಡತೊಡಗಿ ಬೆರಳು ಹಿಂದೆ ಬಿತ್ತೋ, ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಮೇಲೆತ್ತಿ, ಎಲ್ಲರ ಜೊತೆ ಹಿಂದೆ ಮುಂದೆ ಆಡಿಸುತ್ತಿದ್ದ. ಕತ್ತು ಓರೆ ಮಾಡಿ ಕಣ್ಣು ಅರೆಮುಚ್ಚುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಆ ಅಭ್ಯಾಸವನ್ನು ಮನೆಯ ಕನ್ನಡಿಯ ಮುಂದೆ, ಪಿಟೀಲಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದ್ದ.

ಒಮ್ಮೆ ಮೇಳ ಕೇಳಲು ಬಂದಿದ್ದ ಹೆಂಡತಿಯ ತಮ್ಮ, "ಭಾವ, ಅಷ್ಟು ಜನರ ನಡುವೆ ನಿಮ್ಮ ಪಿಟೀಲೇ ಬೇರೆ ಕೇಳಿಸ್ತಿತ್ತು!" ಎಂದ.

"ನಿನ್ನ ಕಿವಿ ಚೆನ್ನಾಗಿದೆ ಬಿಡಪ್ಪ," ಎಂದ ಪಿಟೀಲಿನವನು, ಬಹಳ ವಿನಯದಿಂದ.

ಪಕ್ಕದ ಕುರ್ಚಿಯವನಿಗೆ ಎಲ್ಲರೂ ಇಟ್ಟ ಹೆಸರು ಗರಗಸ. ಪಾಪ, ಬರಲಿ ಬಿಡಲಿ, ನುಡಿಸಿಯೇ ತೀರುವ ಮನುಷ್ಯ.

ಈ ಸಲ ಮೇಳ ನಡೆಸಲು ಹೊಸ ಮೇಷ್ಟ್ರು ಬಂದರು. ಕಡೇ ಸಾಲಿಗೆ ಇಬ್ಬರು ಯಾಕೆ, ಒಬ್ಬರು ಸಾಕು ಎಂದರು. ಪಿಟೀಲಿನವನಿಗೆ ಚಿಂತೆ ಹತ್ತಿತು. ಕುರ್ಚಿ ಹೋದರೆ ಭಾವಮೈದುನನಿಗೆ ಯಾವ ಮುಖ ತೋರಿಸುವುದು? ಅಂದಿನ ತಾಲೀಮಿನಲ್ಲಿ ಅವನು ಕಮಾನನ್ನು ತಂತಿಗೆ ತಾಗಿಸಲೇ ಇಲ್ಲ.

ಮೇಷ್ಟ್ರು ಕಿವಿಗೊಟ್ಟು ಕೇಳಿ, ಕೋಲಿನಿಂದ ಗರಗಸನನ್ನು ತೋರಿಸಿದರು. "ತಪ್ಪೆಲ್ಲ ನಿಮ್ಮದೇ. ಪಕ್ಕದವರನ್ನ ನೋಡಿ, ಒಂದಾದ್ರೂ ಅಪಸ್ವರ ಇದೆಯಾ?"

ಗರಗಸ ಪಿಟೀಲನ್ನು ಪೆಟ್ಟಿಗೆಗೆ ಸೇರಿಸಿ, "ನಿಮ್ಮ ಪಕ್ಕ ಕೂತೂ ಕಲೀಲಿಲ್ಲ ನೋಡಿ ನಾನು," ಎಂದು ಕೈ ಕುಲುಕಿ ಹೋದ. ಪಿಟೀಲಿನವನಿಗೆ ನಾಚಿಕೆಯಾಯಿತು. ಆದರೆ ಕುರ್ಚಿ ಉಳಿದ ಖುಷಿ ಆ ನಾಚಿಕೆಯನ್ನು ನುಂಗಿ ನೀರು ಕುಡಿಯಿತು.

ಮರುದಿನ ನುಡಿಸಾಣಿಕೆ ಶುರುವಾಗಿತ್ತಷ್ಟೆ, ಮೇಷ್ಟ್ರು ಕೋಲು ಬಡಿದರು.

"ಹಿಂದಿನ ಸಾಲು ಎಲ್ಲಿ ಹೋಯ್ತು?"

"ಇಲ್ಲೇ ಇದ್ದೀನಲ್ಲ ಸಾರ್," ಎಂದ ಪಿಟೀಲಿನವನು.

"ಕಾಣ್ತಿದೀರಿ. ಕೇಳಿಸ್ತಿಲ್ಲ."

ಬೇರೆ ದಾರಿ ಕಾಣದೆ ಮುಂದಿನ ಸುತ್ತಿನಲ್ಲಿ ಅವನು ಕಮಾನನ್ನು ತಂತಿಗೆ ಒತ್ತಿಯೇಬಿಟ್ಟ. ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕು ಕೂಗಿದಂತಾಯಿತು. ಗರಗಸ ಇದ್ದಿದ್ದರೆ ಅವನ ತಲೆಗೆ ಕಟ್ಟಬಹುದಿತ್ತು. ಈಗ ಪಕ್ಕದಲ್ಲಿದ್ದದ್ದು ಬರೀ ಕುರ್ಚಿ.

"ಹಾಂ, ಈಗ ಕೇಳಿಸ್ತು," ಎಂದರು ಮೇಷ್ಟ್ರು. "ಇನ್ನೊಂದ್ಸಲ. ಈ ಸಲ ನೀವೊಬ್ಬರೇ."

ಮುಂದಿನ ಸಾಲುಗಳವರೆಲ್ಲ ಕಮಾನನ್ನು ತೊಡೆಯ ಮೇಲಿಟ್ಟುಕೊಂಡು, ಆರಾಮವಾಗಿ ಹಿಂದಕ್ಕೆ ತಿರುಗಿ ಕೂತರು.